ಇನ್ನೊಂದು ರಾಡ್

ಹೋದ ತಿಂಗಳು ಬೆಂಗಳೂರಿಗೆ, ಅಣ್ಣನ ಮನೆಗೆ ಹೋಗಿದ್ದೆ. ಅವನ ಮಗಳು ಸೆಕೆಂಡ್ ಪಿಯುಸಿ ಮುಗಿಸಿದ್ದಾಳೆ. ಸಿಇಟಿ ರ‍್ಯಾಂಕ್ ಬಂದಿತ್ತು, ಆಪ್ಷನ್ ಎಂಟ್ರಿ ನಡೀತಿತ್ತು. ಆ ವಾರ ಅಂಥ ಮನೆಗಳು ಹೇಗಿರುತ್ತವೆ ಅಂತ ನಿಮಗೇ ಗೊತ್ತಿರುತ್ತದೆ. ಟೀವಿ ಬಂದ್. ಊಟದ ಟೇಬಲ್ ಮೇಲೆ ಲ್ಯಾಪ್‌ಟಾಪ್, ಪಕ್ಕದಲ್ಲಿ ಹೋದ ವರ್ಷದ ಕಟಾಫ್ ಪಟ್ಟಿ, ಅದರ ಮೇಲೆ ಮೂರು ಬಣ್ಣದ ಪೆನ್ನಿನ ಗೀಟು. ಅತ್ತಿಗೆ ಅಡುಗೆಮನೆಯಿಂದಲೇ ಒಂದೊಂದು ಕಾಲೇಜಿನ ಹೆಸರು ಹೇಳುತ್ತಿದ್ದಳು. ಅಣ್ಣ ಅದನ್ನು ಎಕ್ಸೆಲ್‌ಗೆ ಹಾಕುತ್ತಿದ್ದ. ಹುಡುಗಿ ಮಾತ್ರ ಸೋಫಾ ಮೂಲೆಯಲ್ಲಿ ಕಾಲು ಮಡಚಿ ಕೂತು, ಇದೆಲ್ಲ ಪಕ್ಕದ ಮನೆಯವರ ಗಲಾಟೆ ಅನ್ನೋ ಹಾಗೆ ಸುಮ್ಮನಿದ್ದಳು.

ಅವಳಿಗೆ ಇಂಜಿನಿಯರಿಂಗ್ ಬೇಡ. ಬಿಎ ಮಾಡಬೇಕಂತೆ, ಇತಿಹಾಸ ತಗೊಂಡು. ಆಮೇಲೆ ಎಂಎ, ಆಮೇಲೆ ಶಾಸನ ಓದೋದು ಕಲಿಯಬೇಕಂತೆ. ಈ ತಪ್ಪಿನಲ್ಲಿ ನನ್ನ ಪಾಲೂ ಇದೆ. ಅವಳು ಎಂಟನೇ ಕ್ಲಾಸಿನಲ್ಲಿದ್ದಾಗ ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಗೆ ಕರೆದುಕೊಂಡು ಹೋಗಿದ್ದೆ, ಅಶೋಕನ ಶಾಸನ ತೋರಿಸೋಕೆ. ಅಲ್ಲಿ ನಾನು ಬಂಡೆ ನೋಡುತ್ತಾ ನಿಂತೆ, ಅವಳು ಬಂಡೆ ಮೇಲಿನ ಅಕ್ಷರ ನೋಡುತ್ತಾ ನಿಂತಳು. ಮುಂದಿನ ಸಲ ಮನೆಗೆ ಹೋದಾಗ ಬ್ರಾಹ್ಮಿ ಲಿಪಿಯ 'ಕ' ಬರೆದು ತೋರಿಸಿದಳು. ಕೂಡಿಸುವ ಗುರುತಿನ ಹಾಗಿರುತ್ತದೆ ಅದು. 'ಅತ್ತೆ, ಎಷ್ಟು ಸುಲಭ ನೋಡಿ' ಅಂದಳು. ಅವತ್ತೇ ನನಗೆ ಅನುಮಾನ ಬರಬೇಕಿತ್ತು.

ಅಣ್ಣ ಕನ್ನಡಕ ತೆಗೆದಿಟ್ಟು ನನ್ನ ಕಡೆ ನೋಡಿದ. 'ನೀನೇ ಹೇಳು ಕಣೆ. ನಿನ್ನ ಮಾತಾದ್ರೂ ಕೇಳ್ತಾಳೇನೋ.' ನಾನು ಬಾಯಿ ತೆಗೆಯೋದರೊಳಗೆ ಹುಡುಗಿ ಅಂದಳು: 'ಅತ್ತೆ ಇಂಜಿನಿಯರಿಂಗ್ ಸೀಟು ಬಿಟ್ಟು ಜಿಯಾಲಜಿ ತಗೊಂಡಿಲ್ವಾ ಅಪ್ಪಾ? ಈಗ ಅವರಿಗೇನಾಗಿದೆ?'

ಅಣ್ಣ ಜೋರು ಮಾಡಲಿಲ್ಲ. ಲ್ಯಾಪ್‌ಟಾಪ್ ಕಡೆಗೇ ತಿರುಗಿ, ಟೈಪ್ ಮಾಡುತ್ತಾ ಹೇಳಿದ: 'ಅವಾಗ ನಾನಿದ್ದೆ ಪುಟ್ಟಿ.'

ಮೂರೇ ಪದ. ಆಮೇಲೆ ಊಟ ಆಯ್ತು, ಮಾತು ಬೇರೆ ಕಡೆ ಹೋಯ್ತು. ಆದರೆ ಮಾರನೇ ದಿನ ತುಮಕೂರಿಗೆ ವಾಪಸ್ ಬರೋವಾಗ ಬಸ್ಸಿನಲ್ಲಿ ದಾಬಸ್‌ಪೇಟೆ ದಾಟಿದರೂ ಆ ಮಾತು ನನ್ನನ್ನು ಬಿಡಲಿಲ್ಲ. ಇನ್ನೂ ಬಿಟ್ಟಿಲ್ಲ. ಅದಕ್ಕೇ ಬರೀತಿದ್ದೀನಿ.

ನಾನು ಹೇಳಿಕೊಂಡು ಬಂದ ಕತೆ

ನನ್ನ ಹತ್ತಿರ ಒಂದು ಕತೆ ಇದೆ. ಇಪ್ಪತ್ತು ವರ್ಷದಿಂದ ಹೇಳುತ್ತಿದ್ದೀನಿ. ಕಾಲೇಜುಗಳಲ್ಲಿ ಮಾತಾಡೋಕೆ ಕರೆದಾಗ ಅದರಿಂದಲೇ ಶುರು ಮಾಡುತ್ತೀನಿ. 2001ರಲ್ಲಿ ನನಗೆ ಸಿಇಟಿಯಲ್ಲಿ ಇಂಜಿನಿಯರಿಂಗ್ ಫ್ರೀ ಸೀಟು ಸಿಗುತ್ತಿತ್ತು. ನಾನು ಅದನ್ನು ಬಿಟ್ಟು ಮೈಸೂರಿಗೆ ಹೋಗಿ ಬಿಎಸ್ಸಿ ಜಿಯಾಲಜಿ ಸೇರಿದೆ. ಅದೇ ವರ್ಷ ಫೆಬ್ರವರಿ 28ಕ್ಕೆ ಕೋಲಾರದ ಚಿನ್ನದ ಗಣಿ ಮುಚ್ಚಿತ್ತು. ನಮ್ಮ ಸೋದರಮಾವ ಒಬ್ಬರು, 'ಚಿನ್ನದ ಗಣೀನೇ ಬಾಗಿಲು ಹಾಕೈತೆ, ನೀನು ಕಲ್ಲು ಓದಿ ಏನ್ ಮಾಡ್ತೀಯವ್ವ? ಜಲ್ಲಿ ಒಡೀತೀಯಾ?' ಅಂದಿದ್ದರು. ಇಲ್ಲಿಗೆ ಬಂದಾಗ ಹುಡುಗರು ನಗುತ್ತಾರೆ. ನಾನು ಸ್ವಲ್ಪ ನಿಲ್ಲಿಸಿ, 'ಇಷ್ಟ ಇರೋದನ್ನ ಓದಿ' ಅಂತ ಹೇಳಿ ಮುಂದಕ್ಕೆ ಹೋಗುತ್ತೀನಿ. ಚಪ್ಪಾಳೆ ಬೀಳುತ್ತದೆ.

ಕತೆಯಲ್ಲಿ ಸುಳ್ಳೇನೂ ಇಲ್ಲ. ಆದರೆ ಅರ್ಧ ಬಿಟ್ಟಿದ್ದೀನಿ. ಬಿಟ್ಟಿದ್ದು ನನಗೇ ಗೊತ್ತಾಗದಷ್ಟು ಚೆನ್ನಾಗಿ ಬಿಟ್ಟಿದ್ದೀನಿ.

ಮೊದಲನೆಯದು, ನನ್ನ ಜೊತೆ ಜಗಳ ಆಡಿದವರು ಯಾರೂ ಇರಲಿಲ್ಲ. ಮಾವ ತಮಾಷೆ ಮಾಡಿ ಮಜ್ಜಿಗೆ ಕುಡಿದು ಹೋದರು, ಅಷ್ಟೇ. ಇಂಜಿನಿಯರಿಂಗ್ ಬೇಡ ಅಂದಾಗ ಅಪ್ಪನ ಮುಖದಲ್ಲಿ ಕಂಡಿದ್ದು ಸಿಟ್ಟಲ್ಲ, ಸಮಾಧಾನ. 'ಹೆಣ್ಣು ಹುಡುಗಿ, ಏನೋ ಒಂದು ಓದಲಿ ಬಿಡು' ಅಂದರು ಅಮ್ಮನಿಗೆ. ಆ ಮಾತಿಗೆ ನಾನು ಆಗ ಸಿಟ್ಟಾಗಿದ್ದೆ. ಹೆಣ್ಣು ಅಂತ ಹಗುರ ಮಾಡಿದರು ಅನಿಸಿತ್ತು. ಹೌದು, ಹಗುರ ಮಾಡಿದ್ದೇ. ಆದರೆ ಆ ಹಗುರದಲ್ಲೇ ನಾನು ಹಾರಿಹೋಗಿದ್ದು. ನನ್ನ ಸಂಪಾದನೆ ಮೇಲೆ ಆ ಮನೆಯಲ್ಲಿ ಯಾರೂ ಒಂದು ಪೈಸೆ ಲೆಕ್ಕ ಇಟ್ಟಿರಲಿಲ್ಲ. ಹಾಗಾಗಿ ನಾನು ಏನು ಓದಿದರೂ ಯಾರಿಗೂ ನಷ್ಟ ಇರಲಿಲ್ಲ. ಅಣ್ಣನ ಮೇಲೆ ಲೆಕ್ಕ ಇತ್ತು. ಅವನು ಏನು ಓದಬೇಕು ಅನ್ನೋದು ಅವನು ಹುಟ್ಟುವ ಮೊದಲೇ ಹೆಚ್ಚುಕಮ್ಮಿ ತೀರ್ಮಾನ ಆಗಿತ್ತು.

ಹೆಣ್ಣುಮಕ್ಕಳು ಬಿಎ, ಬಿಎಸ್ಸಿ ಓದಿದ್ದು, ಸಂಗೀತ ಕಲಿತಿದ್ದು, ಕತೆ ಬರೆದಿದ್ದು, ಇದರ ಹಿಂದೆ ಹೀಗೊಂದು ವಿಚಿತ್ರ ರಿಯಾಯಿತಿ ಇತ್ತು ಅಂತ ನನಗೆ ಈಗ ಅನಿಸುತ್ತದೆ. ಲೆಕ್ಕಕ್ಕಿಲ್ಲದವರಿಗೆ ಸಿಗುವ ರಿಯಾಯಿತಿ. ನಮ್ಮ ಹುಡುಗಿಗೆ ಅದು ಇಲ್ಲ. ಅವಳು ಒಬ್ಬಳೇ ಮಗಳು. ಅವಳು ದುಡಿಯಬೇಕು, ತನ್ನ ಕಾಲ ಮೇಲೆ ತಾನು ನಿಲ್ಲಬೇಕು ಅಂತ ಅಪ್ಪ ಅಮ್ಮ ಇಬ್ಬರೂ ಬಯಸುತ್ತಾರೆ. ಒಳ್ಳೆಯದೇ ಅಲ್ವಾ? ನಾವೆಲ್ಲ ಕೇಳಿದ್ದು ಅದನ್ನೇ ತಾನೇ. ಸಿಕ್ಕಿದೆ, ಬಿಲ್ ಸಮೇತ ಸಿಕ್ಕಿದೆ.

ರಾಡು ಎಣಿಸುವವನು

ಎರಡನೆಯ ವಿಷಯಕ್ಕೆ ಸ್ವಲ್ಪ ಹಿಂದಕ್ಕೆ ಹೋಗಬೇಕು.

ನಮ್ಮೂರು ಹಿರಿಯೂರು ತಾಲ್ಲೂಕು. ಊರು ಅಂದ ಮೇಲೆ ನೀರಿನ ಕತೆ ಬೇರೆ ಹೇಳಬೇಕಾಗಿಲ್ಲ. ಮಾರಿಕಣಿವೆ ಡ್ಯಾಮ್ 1933ರಲ್ಲಿ ಒಂದು ಸಲ ಕೋಡಿ ಬಿದ್ದಿದ್ದು, ಮತ್ತೆ ಕೋಡಿ ಬೀಳೋಕೆ 2022ರವರೆಗೆ ಕಾಯಬೇಕಾಯ್ತು. ಅಷ್ಟು ಹೇಳಿದರೆ ಸಾಕು. ಮಧ್ಯದ 89 ವರ್ಷ ನಮ್ಮ ಕಡೆಯವರು ಬದುಕಿದ್ದು ಬೋರ್‌ವೆಲ್ ನಂಬಿಕೊಂಡು.

1994ರ ಬೇಸಿಗೆ ಅನಿಸುತ್ತದೆ. ನನಗೆ ಹನ್ನೊಂದು, ಅಣ್ಣನಿಗೆ ಹದಿನೈದು. ತೆಂಗು ಒಣಗುತ್ತಿತ್ತು. ಅಪ್ಪ ನೀರು ನೋಡುವವರನ್ನು ಕರೆಸಿದರು. ಆತ ಅಂಗೈ ಮೇಲೆ ತೆಂಗಿನಕಾಯಿ ಮಲಗಿಸಿಕೊಂಡು ಹೊಲ ಪೂರ್ತಿ ಸುತ್ತಿದ. ಬೇವಿನಮರದಿಂದ ಒಂದಿಷ್ಟು ದೂರ ಹೋದಾಗ ಕಾಯಿ ಎದ್ದು ನಿಂತಿತು. ಅಲ್ಲೇ ಪಾಯಿಂಟ್. ಅರಿಶಿನ ಕುಂಕುಮ ಹಾಕಿ, ಕಾಯಿ ಒಡೆದು, ರಾತ್ರಿ ಎಂಟರ ಹೊತ್ತಿಗೆ ತಮಿಳುನಾಡಿನ ತಿರುಚೆಂಗೋಡಿನ ಬೋರ್ ಕೊರೆಯುವ ಗಾಡಿ ಬಂತು. ಹಗಲು ಬೇರೆ ಊರಲ್ಲಿ ಕೊರೆದು ರಾತ್ರಿ ನಮ್ಮೂರಿಗೆ ಬಂದಿದ್ದರು. ನಿದ್ದೆಗೆಟ್ಟ ತಮಿಳು ಹುಡುಗರು, ಕಿವಿಗೆ ಬಟ್ಟೆ ಕಟ್ಟಿಕೊಂಡಿದ್ದರು.

ಆ ಸದ್ದು ಕೇಳಿದವರಿಗೆ ಗೊತ್ತು. ಎದೆಗೂಡಿನೊಳಗೆ ಕೊರೆದ ಹಾಗಿರುತ್ತದೆ. ಒಂದು ರಾಡ್ ಅಂದರೆ 20 ಅಡಿ. ಅಡಿಗೆ ಇಷ್ಟು ಅಂತ ರೇಟು. ರಾಡು ಎಣಿಸೋದು ಅಣ್ಣನ ಕೆಲಸ. ಅವರು ಒಂದು ಹೆಚ್ಚು ಹೇಳಿದರೂ ನಮಗೆ ನಷ್ಟ ಅಲ್ವಾ. ಪಂಪ್‌ಹೌಸ್ ಗೋಡೆ ಮೇಲೆ ಸುಣ್ಣದ ಕಲ್ಲಲ್ಲಿ ಒಂದೊಂದು ರಾಡಿಗೆ ಒಂದೊಂದು ಗೀಟು ಹಾಕುತ್ತಿದ್ದ. ನಾಲ್ಕು ಗೀಟು ಆದಮೇಲೆ ಅಡ್ಡಗೀಟು. ಅಡ್ಡಗೀಟು ಬಿದ್ದರೆ ನೂರು ಅಡಿ.

ನನಗೆ ಕೆಲಸ ಇರಲಿಲ್ಲ. ಹುಡುಗಿ, ಅದೂ ಸಣ್ಣವಳು. ನಾನು ಧೂಳು ನೋಡುತ್ತಿದ್ದೆ. ಕೊರೆದ ಹಾಗೆಲ್ಲ ಕಲ್ಲಿನ ಪುಡಿ ಮೇಲೆ ಬರುತ್ತದೆ. ಗಾಡಿ ಹುಡುಗ ಒಬ್ಬ ಆಗಾಗ ಒಂದೊಂದು ಬೊಗಸೆ ತೆಗೆದು ಪಕ್ಕದಲ್ಲಿ ಸಾಲಾಗಿ ಗುಡ್ಡೆ ಹಾಕುತ್ತಿದ್ದ. ಮೊದಲು ಕೆಂಪು, ಆಮೇಲೆ ಹಳದಿ, ಆಮೇಲೆ ಬೂದಿ. ಹತ್ತನೇ ರಾಡಿನ ಹೊತ್ತಿಗೆ ಹಸಿರು ಬಂತು. ಟ್ಯೂಬ್‌ಲೈಟಿನ ಬೆಳಕಲ್ಲಿ ಹಸಿರು ಕಲ್ಲಿನ ಹಿಟ್ಟು. ಬೆರಳಲ್ಲಿ ಉಜ್ಜಿದರೆ ಪೌಡರಿನ ಹಾಗೆ ಜಾರುತ್ತಿತ್ತು. ಭೂಮಿಯೊಳಗೆ ಹಸಿರು ಇದೆ ಅಂತ ನನಗೆ ಯಾರೂ ಹೇಳಿರಲಿಲ್ಲ. ಬೆಂಕಿಪೊಟ್ಟಣದಲ್ಲಿ ತುಂಬಿಟ್ಟುಕೊಂಡೆ. ಅದರ ಹೆಸರು ಕ್ಲೋರೈಟ್ ಶಿಸ್ಟ್ ಅಂತ ಗೊತ್ತಾಗೋಕೆ ಇನ್ನೂ ಎಂಟು ವರ್ಷ ಬೇಕಿತ್ತು.

ಮೂರು ಅಡ್ಡಗೀಟು ಬಿತ್ತು. ಮುನ್ನೂರು ಅಡಿ, ಒಣ ಧೂಳು. ಅಣ್ಣ ಅಪ್ಪನ ಹತ್ತಿರ ಹೋಗಿ ಮೆಲ್ಲಗೆ, 'ನಿಲ್ಲಿಸೋಣ್ವಾ ಅಪ್ಪ?' ಅಂದ. ಅಪ್ಪ ಗಾಡಿ ಕಡೆಯಿಂದ ಕಣ್ಣು ತೆಗೆಯದೆ, 'ಇನ್ನೊಂದು ರಾಡ್ ನೋಡಣ' ಅಂದರು. ಇನ್ನೊಂದು. ಆಮೇಲೆ ಇನ್ನೊಂದು. ಪ್ರತಿ ಸಲ ಅಣ್ಣ ಗೋಡೆ ಹತ್ತಿರ ಹೋಗಿ ಗೀಟು ಹಾಕಿ ಬಂದು ಅಪ್ಪನ ಪಕ್ಕ ನಿಲ್ಲುತ್ತಿದ್ದ. 380ಕ್ಕೆ ನಿಲ್ಲಿಸಿದರು. ಹನಿ ನೀರಿಲ್ಲ. ದುಡ್ಡು ಎಣಿಸಿ ಕೊಡುವಾಗ ಅಪ್ಪನ ಕೈ ನಡುಗುತ್ತಿತ್ತು ಅಂತ ಅಣ್ಣ ಆಮೇಲೆ ಯಾವತ್ತೋ ಹೇಳಿದ. ನಾನು ನೋಡಲಿಲ್ಲ. ಬೆಂಕಿಪೊಟ್ಟಣ ಹಿಡಿದುಕೊಂಡು ಚೀಲಗಳ ಮೇಲೆ ಮಲಗಿಬಿಟ್ಟಿದ್ದೆ.

ನನಗೆ ಕಲ್ಲಿನ ಮೇಲೆ ಪ್ರೀತಿ ಹುಟ್ಟಿದ್ದು ಆ ರಾತ್ರಿ ಅಂತ ಎಷ್ಟೋ ಕಡೆ ಹೇಳಿದ್ದೀನಿ. ಅದೇ ರಾತ್ರಿ ಅದೇ ಜಾಗದಲ್ಲಿ ಇನ್ನೊಬ್ಬ ಹುಡುಗ ಏನು ಕಲಿತ ಅಂತ ಯಾವತ್ತೂ ಯೋಚಿಸಿರಲಿಲ್ಲ.

ಮೂರು ವರ್ಷ ಬಿಟ್ಟು, 1997ರಲ್ಲಿ, ಅಣ್ಣನಿಗೆ ಇಂಜಿನಿಯರಿಂಗ್ ಪೇಮೆಂಟ್ ಸೀಟು ಸಿಕ್ಕಿತು. ಎರಡು ಎಕರೆ ಮಾರಿದರು. ಅದೂ ಒಂಥರಾ ಬೋರೇ. ಇಲ್ಲಿ ಕೊರೆದರೆ ನೀರು ಬೀಳುತ್ತದೆ ಅಂತ ಊರೆಲ್ಲ ತೋರಿಸುತ್ತಿದ್ದ ಪಾಯಿಂಟು. ಅವನು 2001ರಲ್ಲಿ ಪಾಸಾಗಿ ಹೊರಗೆ ಬಂದ. ಅಷ್ಟೊತ್ತಿಗೆ ಅಮೆರಿಕದಲ್ಲಿ ಡಾಟ್‌ಕಾಮ್ ಕಂಪನಿಗಳು ಮುಳುಗಿ, ಬೆಂಗಳೂರಿನಲ್ಲಿ ಆಫರ್ ಲೆಟರ್ ಕೊಟ್ಟಿದ್ದವರೂ ಸೇರಿಸಿಕೊಳ್ಳುತ್ತಿರಲಿಲ್ಲ. ದುಡ್ಡು ಬರುವ ಓದು ಯಾವುದು ಅಂತ ಎಲ್ಲರಿಗೂ ಗೊತ್ತಿತ್ತು. ದುಡ್ಡು ಯಾವಾಗ ಬರುತ್ತದೆ ಅನ್ನೋದು ಮಾತ್ರ ಯಾರಿಗೂ ಗೊತ್ತಿರಲಿಲ್ಲ.

ನೀರೆಲ್ಲಿ ಹೋಯ್ತು

ಈಗ ಪ್ರೀತಿಯ ಕಡೆಯ ಮಾತನ್ನೂ ಹೇಳಬೇಕು. ಇಲ್ಲದಿದ್ದರೆ ಅಣ್ಣನ ಮುಂದೆ ತಪ್ಪೊಪ್ಪಿಗೆ ಬರೆದ ಹಾಗಾಗುತ್ತದೆ, ನನ್ನ ಉದ್ದೇಶ ಅದಲ್ಲ.

ಎರಡನೇ ವರ್ಷದ ಬಿಎಸ್ಸಿಯಲ್ಲಿ ಫೀಲ್ಡಿಗೆ ಕರೆದುಕೊಂಡು ಹೋದರು. ಎಲ್ಲಿಗೆ ಅಂದರೆ ನಮ್ಮ ಜಿಲ್ಲೆಗೇ! ಚಿತ್ರದುರ್ಗದ ಹತ್ತಿರ ಮರಡಿಹಳ್ಳಿ. ಮೈಸೂರಿನಿಂದ ರಾತ್ರಿಯೆಲ್ಲ ಬಸ್ಸಿನಲ್ಲಿ ಬಂದು ಇಳಿದರೆ, ನಾನು ಹುಟ್ಟಿದಾಗಿನಿಂದ ನೋಡಿದ್ದ ಅದೇ ಕುರುಚಲು, ಅದೇ ಬಿಸಿಲು, ಅದೇ ಮೇಕೆ. ಮರಡಿ ಅಂದರೆ ಗುಡ್ಡ, ಹೆಸರಿನಲ್ಲೇ ಎಲ್ಲ ಇದೆ. ಜೊತೆಯ ಹುಡುಗಿಯರಿಗೆ ನನ್ನೂರು ತೋರಿಸೋಕೆ ನಾಚಿಕೆ ಆಯ್ತು. ಮೇಷ್ಟ್ರು ಒಂದು ಬಂಡೆಯ ಮುಂದೆ ನಿಲ್ಲಿಸಿ, 'ಏನು ಕಾಣುತ್ತೆ?' ಅಂದರು. ಉರುಟು ಉರುಟು ಕಲ್ಲು ಒಂದರ ಮೇಲೊಂದು ಒಟ್ಟಿದ ಹಾಗಿತ್ತು. 'ಗುಂಡುಕಲ್ಲು ಸಾರ್' ಅಂದೆವು. 'ಇದು ದಿಂಬು' ಅಂದರು.

ಪಿಲ್ಲೋ ಲಾವಾ. ಕಡಲ ತಳ ಬಿರಿದು ಲಾವಾ ಉಕ್ಕಿದಾಗ ಆಗುವ ಕಲ್ಲು. ಬೋಂಡದ ಹಿಟ್ಟು ಎಣ್ಣೆಗೆ ಬಿಟ್ಟರೆ ಹೊರಗೆ ಗಟ್ಟಿಯಾಗಿ ಒಳಗೆ ಹಸಿ ಇರುತ್ತದಲ್ಲ, ಹಾಗೆ. ಎಣ್ಣೆ ಕಾದಿರುತ್ತದೆ, ಕಡಲು ತಣ್ಣಗಿರುತ್ತದೆ, ಅಷ್ಟೇ ವ್ಯತ್ಯಾಸ. ತಣ್ಣೀರು ತಾಗಿದ ಕೂಡಲೇ ಲಾವಾದ ಮೇಲ್ಪದರ ಸಿಪ್ಪೆಕಟ್ಟುತ್ತದೆ. ಒಳಗಿನ ಬಿಸಿ ಒತ್ತಿ ಒತ್ತಿ ಸಿಪ್ಪೆ ಒಡೆದು ಮುಂದಕ್ಕೆ ಇನ್ನೊಂದು ಉಂಡೆ ಬಿಡುತ್ತದೆ. ಆ ಉಂಡೆ ಕೆಳಗಿನ ಎರಡು ಉಂಡೆಗಳ ಸಂದಿಗೆ ಇಳಿದು ಕೂರುತ್ತದೆ. ಅದಕ್ಕೇ ಪ್ರತಿ ದಿಂಬಿಗೂ ಮೇಲ್ಗಡೆ ಉಬ್ಬು, ಕೆಳಗಡೆ ಒಂದು ಸಣ್ಣ ಮೂತಿ. ನೆಲ ಎಷ್ಟೇ ಮಗುಚಿದ್ದರೂ ಆ ಮೂತಿ ನೋಡಿ ಯಾವುದು ಮೇಲು, ಯಾವುದು ಕೆಳಗು ಅಂತ ಹೇಳಬಹುದು. ಮೇಷ್ಟ್ರು ನನ್ನ ಬೆರಳು ಹಿಡಿದು ಆ ಮೂತಿಯ ಮೇಲಿಟ್ಟರು. 250 ಕೋಟಿ ವರ್ಷಕ್ಕೂ ಹಿಂದಿನದು. ನಾನು ನಿಂತಿದ್ದು ಕಡಲ ತಳದಲ್ಲಿ. ಹಿರಿಯೂರಿನ ಹುಡುಗಿ, ಒಂದು ಕೊಡ ನೀರಿಗೆ ಮೈಲಿ ನಡೆದವಳು, ಕಡಲ ತಳದಲ್ಲಿ!

ಸಂಜೆ ಎಸ್‌ಟಿಡಿ ಬೂತಿನಿಂದ ಊರಿನ ಅಂಗಡಿಗೆ ಫೋನ್ ಮಾಡಿ ಅಪ್ಪನನ್ನು ಕರೆಸಿದೆ. 'ಅಪ್ಪಾ, ನಮ್ಮ ಕಡೆ ಸಮುದ್ರ ಇತ್ತಂತೆ!' ಆ ಕಡೆ ಸ್ವಲ್ಪ ಹೊತ್ತು ಸದ್ದಿಲ್ಲ. ಆಮೇಲೆ, 'ಹಂಗಾದ್ರೆ ನೀರೆಲ್ಲಿ ಹೋತು ಕೇಳು ನಿಮ್ಮ ಮೇಷ್ಟ್ರನ್ನ' ಅಂದರು.

ಆ ದಿನದ ಖುಷಿಗೆ ಬೆಲೆ ಕಟ್ಟೋಕೆ ಆಗಲ್ಲ ಅಂತ ಬರೆಯಬಹುದು. ಆದರೆ ಕಟ್ಟಬಹುದು, ಅದೇ ನನ್ನ ತಕರಾರು. ಹಾಸ್ಟೆಲ್ ಮೆಸ್ ಬಿಲ್ಲು, ಫೀಲ್ಡಿಗೆ ಕೊಡಬೇಕಿದ್ದ ದುಡ್ಡು, ಹ್ಯಾಮರ್, ಲೆನ್ಸ್. ಅಣ್ಣ ತಿಂಗಳು ತಿಂಗಳು ಕಳಿಸುತ್ತಿದ್ದ. ಬೆಂಗಳೂರಿನಲ್ಲಿ ಕಂಪ್ಯೂಟರ್ ಕೆಲಸದಲ್ಲಿದ್ದಾನೆ ಅಂತ ಮನೆಯಲ್ಲಿ ಹೇಳಿದ್ದರು. ನಾನು ಸಾಫ್ಟ್‌ವೇರ್ ಕಂಪನಿ ಅಂದುಕೊಂಡಿದ್ದೆ.

ಕೆಂಪು ಧೂಳು

ಎಂಎಸ್ಸಿ ಮುಗಿಸಿದ್ದು 2006ರಲ್ಲಿ. ಜಿಯಾಲಜಿ ಓದಿದವರಿಗೆ ಅದೊಂದು ಹುಚ್ಚು ಕಾಲ. ಚೀನಾಕ್ಕೆ ಕಬ್ಬಿಣದ ಅದಿರು ಎಷ್ಟಿದ್ದರೂ ಸಾಲದು. ಸಂಡೂರು, ಹೊಸಪೇಟೆ ಕಡೆ ಹೊಸ ಹೊಸ ಗಣಿ ಕಂಪನಿಗಳು ನಮ್ಮನ್ನು ಹುಡುಕಿಕೊಂಡು ಬರುತ್ತಿದ್ದವು. ಕಲ್ಲು ಓದಿ ಏನು ಮಾಡ್ತೀಯ ಅಂದಿದ್ದ ಮಾವ ಮಗನಿಗೆ ಅಲ್ಲೊಂದು ಕೆಲಸ ನೋಡು ಅಂತ ಫೋನ್ ಮಾಡಿದರು. 12,000ಕ್ಕೆ ಸೇರಿದವಳು ನಾಲ್ಕು ವರ್ಷದಲ್ಲಿ 48,000ಕ್ಕೆ ಹೋದೆ.

ಪ್ರೀತಿಯೂ ಸಿಕ್ಕಿತು, ದುಡ್ಡೂ ಸಿಕ್ಕಿತು ಅಂತ ಇಲ್ಲಿಗೆ ಮುಗಿಸಬಹುದಿತ್ತು. ನನ್ನ ಕೆಲಸ ಏನಿತ್ತು ಅಂದರೆ, ಗುಡ್ಡದಲ್ಲಿ ಎಷ್ಟು ಟನ್ ಇದೆ, ಎಷ್ಟು ಪರ್ಸೆಂಟ್ ಕಬ್ಬಿಣ, ಇದನ್ನು ಲೆಕ್ಕ ಹಾಕೋದು. ಆ ಗುಡ್ಡದ ಕಲ್ಲು ಎಂಥದು ಗೊತ್ತಾ? ಕೆಂಪು, ಕಪ್ಪು, ಮತ್ತೆ ಕೆಂಪು, ಪುಸ್ತಕದ ಹಾಳೆ ಜೋಡಿಸಿದ ಹಾಗೆ ಪಟ್ಟೆ ಪಟ್ಟೆ. ಅದೂ ಕಡಲ ತಳದಲ್ಲಿ ಕೂತು ಆಗಿದ್ದೇ. ಮೊದಲ ವಾರ ಕೈಯಲ್ಲಿ ಹಿಡಿದು ನೋಡಿದೆ. ಆರನೇ ತಿಂಗಳಿಗೆ ನನಗೆ ಅದರಲ್ಲಿ ಕಂಡಿದ್ದು 62 ಪರ್ಸೆಂಟ್, 64 ಪರ್ಸೆಂಟ್ ಅಷ್ಟೇ. ನಾನೂ ರಾಡು ಎಣಿಸೋಕೆ ಶುರು ಮಾಡಿದ್ದೆ. ಇಷ್ಟದ ವಿಷಯ ಓದಿದರೆ ಇಷ್ಟದ ಕೆಲಸ ಸಿಗುತ್ತದೆ ಅಂತ ನಂಬಿದ್ದೆನಲ್ಲ, ಆ ಎರಡೂ ಬೇರೆ ಬೇರೆ ಅಂತ ಹೊಸಪೇಟೆಯ ಧೂಳು ಕಲಿಸಿತು. ಹಾಗಂತ ಬಿಟ್ಟು ಬಂದೆನಾ? ಇಲ್ಲ. 48,000 ಬಿಡೋಕೆ ಮನಸ್ಸು ಬರುತ್ತದಾ?

(ಗಣಿಗೆ ಹೆಂಗಸರ ಬಗ್ಗೆ ಅದರದ್ದೇ ಕಾನೂನು ಇತ್ತು. ಸುರಂಗದ ಗಣಿಯೊಳಗೆ ಹೆಂಗಸರು ಕೆಲಸ ಮಾಡುವ ಹಾಗೇ ಇರಲಿಲ್ಲ, ಮೇಲಿನ ಗಣಿಯಲ್ಲೂ ರಾತ್ರಿ ಪಾಳಿ ಇಲ್ಲ. ಇದು ಸಡಿಲ ಆಗಿದ್ದು 2019ರಲ್ಲಿ. ಎಂಎಸ್ಸಿ ಟೂರಿನಲ್ಲಿ ಒಂದು ಗಣಿಗೆ ಹೋದಾಗ ಹುಡುಗರೆಲ್ಲ ಹೆಲ್ಮೆಟ್ ಹಾಕಿಕೊಂಡು ಕೆಳಗಿಳಿದರು. ನಾವು ಐದು ಜನ ಹುಡುಗಿಯರು ಮೇಲೆ ಶೆಡ್ಡಿನಲ್ಲಿ ಕೂತು ಬಿಸ್ಕತ್ತು ತಿಂದೆವು. ಅದರ ಬಗ್ಗೆ ಇನ್ನೊಂದು ಸಲ ಬರೀತೀನಿ, ಈಗ ಶುರು ಮಾಡಿದರೆ ನಿಲ್ಲಿಸೋಕಾಗಲ್ಲ.)

2011ರ ಜುಲೈ 29ಕ್ಕೆ ಸುಪ್ರೀಂ ಕೋರ್ಟು ಬಳ್ಳಾರಿ ಜಿಲ್ಲೆಯ ಗಣಿಗಾರಿಕೆ ನಿಲ್ಲಿಸಿತು. ಮುಂದಿನ ತಿಂಗಳು ನಮ್ಮ ಚಿತ್ರದುರ್ಗಕ್ಕೂ, ತುಮಕೂರಿಗೂ ಅದು ಬಂತು. ನಿಲ್ಲಿಸಿದ್ದು ಸರಿಯೇ. ಆ ಗುಡ್ಡಗಳ ಗತಿ ನೋಡಿದವಳು ನಾನು, ಅದರಲ್ಲಿ ನನ್ನ ಕೈಯೂ ಇತ್ತು. ಆದರೆ ಸರಿಯಾದದ್ದು ಆದಾಗಲೂ ಇಎಂಐ ತಾರೀಕು ಬರುತ್ತದೆ. ಹದಿನಾಲ್ಕು ತಿಂಗಳು ಸಂಬಳ ಇಲ್ಲ. ನನ್ನ ಗಂಡನಿಗೆ ಆಗಿನ್ನೂ ಹೈಸ್ಕೂಲಿನಲ್ಲಿ ಕೆಲಸ ಕಾಯಂ ಆಗಿರಲಿಲ್ಲ. ಮನೆ ಸಾಲದ ಕಂತು ಯಾರು ಕಟ್ಟಿದರು ಅಂತ ಬೇರೆ ಹೇಳಬೇಕಾಗಿಲ್ಲ ಅಲ್ವಾ.

ಆಮೇಲೆ ನಾನು ನೀರಿನ ಕೆಲಸಕ್ಕೆ ಬಂದೆ. ಈಗ ಮಾಡುತ್ತಿರೋದೂ ಅದೇ. ಊರೂರು ತಿರುಗಿ ಅಂತರ್ಜಲ ನೋಡೋದು, ಪಂಚಾಯಿತಿಗಳಿಗೆ ಚೆಕ್‌ಡ್ಯಾಂ ಎಲ್ಲಿ ಕಟ್ಟಿದರೆ ನೀರು ಇಂಗುತ್ತದೆ ಅಂತ ಹೇಳೋದು. ನನಗೆ ಈ ಕೆಲಸ ಇಷ್ಟ. ಇಷ್ಟ ಅನ್ನೋದು ಸಣ್ಣ ಮಾತಾಯ್ತು. ಬೆಳಿಗ್ಗೆ ಟೋಪಿ ಹಾಕಿಕೊಂಡು ಹೊಲಕ್ಕೆ ಇಳಿದರೆ ಬೆಂಕಿಪೊಟ್ಟಣದ ಹುಡುಗಿ ವಾಪಸ್ ಬರುತ್ತಾಳೆ. ಒಂದು ಸಲ ನಮ್ಮದೇ ಹೊಲದಲ್ಲಿ ಮೀಟರ್ ಇಟ್ಟು, ತಂತಿ ಎಳೆದು, ಗ್ರಾಫ್ ಬರೆದು ಪಾಯಿಂಟ್ ಮಾಡಿಕೊಟ್ಟೆ. 480 ಅಡಿ, ಒಣ ಧೂಳು. ಅಪ್ಪ ಮೇಲೆ ಕೆಳಗೆ ನೋಡಿ, 'ತೆಂಗಿನಕಾಯಿಯೋನು ನಿನಗಿಂತ ಅಗ್ಗ ಇದ್ದ ಕಣವ್ವ' ಅಂದರು.

ಹಾಳೆ

ಬಸ್ಸಿನಲ್ಲಿ ಅಷ್ಟೆಲ್ಲ ಯೋಚನೆ ಮಾಡಿದ ಮೇಲೆ ಸುಮ್ಮನಿರೋಕೆ ಆಗಲಿಲ್ಲ. ಆ ಶನಿವಾರವೇ ಮತ್ತೆ ಬೆಂಗಳೂರಿಗೆ ಹೋದೆ. ಹುಡುಗಿಯನ್ನು ಕೂರಿಸಿಕೊಂಡು, ಕಟಾಫ್ ಪಟ್ಟಿಯ ಹಿಂಭಾಗದಲ್ಲಿ ನನ್ನ ಸಂಬಳ ಪೂರ್ತಿ ಬರೆದೆ. ವರ್ಷ, ರೂಪಾಯಿ. 2006, 12,000. 2010, 48,000. 2011, ಸೊನ್ನೆ. 2012ರ ಕೊನೆಗೆ 18,000. ಈಗ ಒಳ್ಳೆ ತಿಂಗಳಿನಲ್ಲಿ 55,000, ಕೆಟ್ಟ ತಿಂಗಳಿನಲ್ಲಿ ಕೇಳಬಾರದು. ಪಕ್ಕದಲ್ಲಿ ಇನ್ನೊಂದು ಸಾಲು, ಆ ವರ್ಷ ನನ್ನ ಮನೆ ಯಾರ ದುಡ್ಡಲ್ಲಿ ನಡೆಯಿತು ಅಂತ. ಅಪ್ಪ. ಅಣ್ಣ. ನಾನು. ಅಣ್ಣ. ಗಂಡ. 'ಬಿಎ ಮಾಡಬೇಡ ಅಂತ ಹೇಳೋಕೆ ಬಂದಿಲ್ಲ' ಅಂದೆ. 'ಮೈಸೂರಿನಲ್ಲಿ ಎಎಸ್‌ಐ, ಅಂದರೆ ಕೇಂದ್ರದ ಪುರಾತತ್ವ ಇಲಾಖೆಯವರ ಶಾಸನ ವಿಭಾಗದ ಮುಖ್ಯ ಕಚೇರಿನೇ ಇದೆ. ಓದೋರಿಗೆ ದಾರಿ ಇದೆ, ಸಣ್ಣದು, ಆದರೆ ಇದೆ. ಎಂಎ ಆಗಬೇಕು, ನೆಟ್ ಪರೀಕ್ಷೆ ಆಗಬೇಕು, ಮೂವತ್ತರ ತನಕ ಕಾಯಬೇಕಾಗಬಹುದು. ಅಲ್ಲಿ ತನಕ ಈ ಎರಡನೇ ಸಾಲಲ್ಲಿ ಯಾರ ಹೆಸರು ಬರೀತೀಯ, ಅದನ್ನ ಯೋಚನೆ ಮಾಡು. ನನಗೆ ಯಾರೂ ಇದನ್ನ ಹೇಳಿರಲಿಲ್ಲ.'

ಹುಡುಗಿ ಹಾಳೆ ನೋಡಿ, 'ಅಪ್ಪಂದು?' ಅಂದಳು.

ಅಣ್ಣ ಮೊದಲು ನಕ್ಕ. ಆಮೇಲೆ ಪೆನ್ ತಗೊಂಡ. ಅವನಿಗೆ ಲೆಕ್ಕ ಬರೆಯೋದು ಅಭ್ಯಾಸ, ಚಕಚಕ ಬರೆದ. 2001, 2,800. ಕಂಪ್ಯೂಟರ್ ಸೆಂಟರ್ ಒಂದರಲ್ಲಿ ಮಕ್ಕಳಿಗೆ ಪಾಠ ಹೇಳುವ ಕೆಲಸ. ವಿಜಯನಗರದಲ್ಲಿ ಒಂದು ರೂಮು, ಐದು ಜನ. ಸಾಫ್ಟ್‌ವೇರ್ ಕಂಪನಿ ಸಿಕ್ಕಿದ್ದು ಮುಂದಿನ ವರ್ಷದ ಕೊನೆಗೆ. ನಾನು ಆ ಅಂಕಿ ನೋಡುತ್ತಾ ಕೂತೆ. ಆ ವರ್ಷ ತಿಂಗಳಿಗೆ ನನಗೆ 800 ಬರುತ್ತಿತ್ತು. ಒಂದು ಸಲ ತಡವಾದಾಗ ಸಿಟ್ಟು ಮಾಡಿಕೊಂಡು ಕಾಗದ ಬರೆದಿದ್ದೆ.

ಈಗಿನ ಸಂಬಳದ ಜಾಗ ಅವನು ಖಾಲಿ ಬಿಟ್ಟ. ನನ್ನದಕ್ಕಿಂತ ಎಷ್ಟೋ ಪಟ್ಟು ಜಾಸ್ತಿ ಅಂತ ನನಗೆ ಗೊತ್ತು. 'ಇದನ್ನ ಬರೆದು ಏನು ಪ್ರಯೋಜನ, ಎಷ್ಟು ದಿನಾನೋ' ಅಂದ. ಅವನಿಗೆ 46. ಅವನ ಲೈನಿನಲ್ಲಿ ಅದು ಮುದುಕರ ವಯಸ್ಸು. ಪಕ್ಕದ ಟೀಮಿನವರನ್ನು ಮಾರ್ಚಿನಲ್ಲಿ ಮನೆಗೆ ಕಳಿಸಿದ್ದಾರಂತೆ. ಹೊಸದಾಗಿ ಸೇರುವ ಹುಡುಗರಿಗೆ ದೊಡ್ಡ ಕಂಪನಿಗಳು ಕೊಡೋದು ಹತ್ತು ಹನ್ನೆರಡು ವರ್ಷದ ಹಿಂದೆಯೂ ಮೂರೂವರೆ ಲಕ್ಷದ ಆಸುಪಾಸು, ಈಗಲೂ ಹೆಚ್ಚುಕಮ್ಮಿ ಅಷ್ಟೇ. ಇದೆಲ್ಲ ಅವನಿಗೆ ನನಗಿಂತ ಚೆನ್ನಾಗಿ ಗೊತ್ತು. ಆದರೂ ಎಕ್ಸೆಲ್ ಶೀಟಿನಲ್ಲಿ ಮೊದಲ ಇಪ್ಪತ್ತು ಸಾಲೂ ಕಂಪ್ಯೂಟರ್ ಸೈನ್ಸೇ. ಇನ್ನೊಂದು ರಾಡ್ ನೋಡಣ.

'ನಿನಗೇನು ಓದಬೇಕು ಅಂತಿತ್ತೋ ಅಣ್ಣ?' ಅಂತ ಕೇಳಿದೆ. ನಲವತ್ತೆರಡು ವರ್ಷದಲ್ಲಿ ಮೊದಲ ಸಲ.

ಅವನು ನಿಜವಾಗಲೂ ಯೋಚನೆ ಮಾಡಿದ. ಸಿನಿಮಾದಲ್ಲಾದರೆ ಇಲ್ಲಿ ಏನಾದರೂ ಒಂದು ಬರುತ್ತಿತ್ತು. ಚಿತ್ರ ಬರೀಬೇಕು ಅಂತಿತ್ತು, ವ್ಯವಸಾಯ ಓದಬೇಕು ಅಂತಿತ್ತು ಅಂತ. 'ಗೊತ್ತಿಲ್ಲ ಕಣೆ' ಅಂದ. 'ಕೇಳೋರು ಇರ್ಲಿಲ್ವಲ್ಲ. ನಾನೂ ಕೇಳ್ಕೊಳ್ಲಿಲ್ಲ.' ಅತ್ತಿಗೆ ಅಡುಗೆಮನೆಯಿಂದ, 'ಡ್ಯಾಮ್ ನೀರು ಎಣಿಸೋ ಕೋರ್ಸ್ ಇದ್ದಿದ್ರೆ ಸೇರ್ತಿದ್ರು' ಅಂದಳು. ಎಲ್ಲರೂ ನಕ್ಕೆವು. ಅವನು ಬೆಳಿಗ್ಗೆ ಎದ್ದು ಮೊದಲು ಮಾಡುವ ಕೆಲಸ ಅಂದರೆ ಮಾರಿಕಣಿವೆ ನೀರಿನ ಮಟ್ಟ ನೋಡಿ ಮನೆಯವರ ಗ್ರೂಪಿಗೆ ಹಾಕೋದು. ತುಂಬಿದ ಮಟ್ಟ 130 ಅಡಿ, ಅದಕ್ಕೆ ಇಷ್ಟು ಅಡಿ ಕಮ್ಮಿ, ಒಳಹರಿವು ಇಷ್ಟು. ವರ್ಷಗಳಿಂದ ಒಂದು ದಿನ ತಪ್ಪಿಸಿಲ್ಲ. 2022ರಲ್ಲಿ ಕೋಡಿ ಬಿದ್ದಾಗ ರಜೆ ಹಾಕಿ, ಮಗಳನ್ನು ಕರೆದುಕೊಂಡು ಹೋಗಿ ಎರಡು ಗಂಟೆ ಸುಮ್ಮನೆ ನಿಂತಿದ್ದನಂತೆ.

ಹುಡುಗಿ ಏನು ಆರಿಸಿದಳು ಅಂತ ಇಲ್ಲಿ ಬರೆಯೋ ಹಾಗಿಲ್ಲ. 'ನಿಮ್ಮ ಬ್ಲಾಗಿನಲ್ಲಿ ನನ್ನ ರಿಸಲ್ಟ್ ಹಾಕಬೇಡಿ ಅತ್ತೆ' ಅಂದಿದ್ದಾಳೆ. ಉಳಿದದ್ದಕ್ಕೆ ಒಪ್ಪಿಗೆ ಕೊಟ್ಟಿದ್ದಾಳೆ, ಅಣ್ಣನೂ ಓದಿದ್ದಾನೆ. 2,800 ಅಲ್ಲ 2,750 ಅಂತ ಒಂದು ತಿದ್ದುಪಡಿ ಹೇಳಿದ. ತಿದ್ದಲಿಲ್ಲ, ಹಾಳೆಯಲ್ಲಿ ಅವನೇ ಬರೆದಿದ್ದು ಅಷ್ಟು.

ಮಾರನೇ ದಿನ ಭಾನುವಾರ, ಅಪ್ಪನನ್ನು ನೋಡೋಕೆ ಊರಿಗೆ ಹೊರಟೆವು, ನಾವು ಮೂರೂ ಜನ. ಹಿರಿಯೂರಿನ ಹತ್ತಿರ ಬಂದಾಗ ಅಣ್ಣ, 'ನಿನ್ನ ದಿಂಬು ಎಲ್ಲಿದೆ ತೋರಿಸು, ನಾನು ನೋಡೇ ಇಲ್ಲ' ಅಂದ. ಇಷ್ಟು ವರ್ಷ ಅದೇ ಹೆದ್ದಾರಿಯಲ್ಲಿ ಓಡಾಡಿದ್ದಾನೆ. ಊರಿನ ದಾರಿ ಬಿಟ್ಟು ಮುಂದಕ್ಕೆ ಹೋಗಿ ಮರಡಿಹಳ್ಳಿ ಸೇರುವಾಗ ಹನ್ನೊಂದಾಗಿತ್ತು. ಬಿಸಿಲು ಏರಿತ್ತು. ನಾನು ಮೇಷ್ಟ್ರ ಹಾಗೆ ಅವನ ಬೆರಳು ಹಿಡಿದು ದಿಂಬಿನ ಮೂತಿಯ ಮೇಲಿಟ್ಟೆ. ಲಾವಾ, ಕಡಲು, ಸಿಪ್ಪೆ, ಎಲ್ಲ ಹೇಳಿದೆ. ಹುಡುಗಿ ಬಂಡೆಯ ಆ ಕಡೆ ಏನಾದರೂ ಬರೆದಿದೆಯಾ ಅಂತ ಹುಡುಕುತ್ತಿದ್ದಳು. ಅಣ್ಣ ಪೂರ್ತಿ ಕೇಳಿಸಿಕೊಂಡ. ಅಂಗೈಯಿಂದ ಕಲ್ಲನ್ನು ಎರಡು ಸಲ ತಟ್ಟಿದ. ಸುತ್ತ ಒಮ್ಮೆ ನೋಡಿದ.

'ಇಲ್ಲಿ ಬೋರ್ ಹಾಕಿದ್ರೆ ನೀರು ಬೀಳುತ್ತಾ?'

'ಹೇಳೋಕಾಗಲ್ಲ ಕಣೋ' ಅಂದೆ.